ಕಾಂಪೌಂಡ್ ಗೋಡೆಯ ಮೇಲಿನ ಬಾಟಲಿ

ತಿಂಗಳ ಐದನೇ ತಾರೀಕು ಬಂತೆಂದರೆ ಬೆಳ್ಳಮ್ಮ ಎರಡು ಸಲ ಕೈ ತೊಳೆಯಬೇಕಿತ್ತು. ಒಂದು ಸಲ ಕಾಲೋನಿಯ ನಲ್ಲಿಯಿಂದ ಪರೀಕ್ಷೆಯ ಬಾಟಲಿಗೆ ನೀರು ಹಿಡಿಯುವ ಮೊದಲು. ಕೈಯ ಕೊಳೆ ಬಾಟಲಿಗೆ ಸೇರಬಾರದು. ಇನ್ನೊಂದು ಸಲ ಆ ಬಾಟಲಿಯನ್ನು ನಾಗರಾಜುವಿನ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಇಡುವ ಮೊದಲು. ಗೇಟಿನ ಆಚೆ ನಿಂತು ಎರಡೂ ಅಂಗೈ ಒಡ್ಡಿದರೆ ನಾಗರಾಜುವಿನ ತಾಯಿ ಮಲ್ಲಿಗಮ್ಮ ಚೊಂಬಿನಿಂದ ಮೇಲಿಂದ ಹುಯ್ಯುತ್ತಿದ್ದಳು. ಮೊದಲನೆಯದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಎರಡನೆಯದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೆರಳುದ್ದದ ಬಾಟಲಿ. ತಳದಲ್ಲಿ ಒಂದು ಚಿಟಿಕೆ ಪುಡಿ. ಗೀಟಿನವರೆಗೆ ನೀರು ತುಂಬಿಸಿ ಮುಚ್ಚಳ ಬಿಗಿದರೆ ನೀರು ತಿಳಿ ಹಳದಿಗೆ ತಿರುಗುತ್ತದೆ. ಆ ನೀರಿನಲ್ಲಿ ಮನುಷ್ಯರ ಹೇಲು ಬೆರೆತಿದ್ದರೆ ಒಂದೆರಡು ದಿನಕ್ಕೆ ಕಪ್ಪಾಗುತ್ತದೆ. ಬೆರೆತಿಲ್ಲದಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ಅಷ್ಟೇ ವಿದ್ಯೆ. ಇದಕ್ಕೆ ದೊಡ್ಡ ಓದು ಬೇಡ, ಹೆಂಗಸರೇ ಮಾಡಬಹುದು ಅಂತ ಪಂಚಾಯಿತಿಯಲ್ಲಿ ಇಬ್ಬರನ್ನು ಆರಿಸಿದ್ದರು. ಬಿದರಕೊಪ್ಪಲಿನ ಊರಿಗೆ ದೀಪಿಕ, ಪಂಚಾಯಿತಿ ಅಧ್ಯಕ್ಷ ನಾಗರಾಜುವಿನ ಮಗಳು, ಬಿ.ಎಸ್ಸಿ. ಮಾಡಿದವಳು. ಕಾಲೋನಿಗೆ ಬೆಳ್ಳಮ್ಮ, ಎಸ್ಸೆಸ್ಸೆಲ್ಸಿ ಫೇಲಾದವಳು, ನೀರುಗಂಟಿ ಲಿಂಗಯ್ಯನ ಹೆಂಡತಿ. ಕಾಗದದ ಮೇಲೆ ಇಬ್ಬರದೂ ಒಂದೇ ಕೆಲಸ. ನಡೆಯುವಾಗ ಬೇರೆ. ಕಾಲೋನಿಯ ನೀರು ಹಿಡಿದು ತಂದು ಗೋಡೆಯ ಮೇಲಿಡುವುದು ಬೆಳ್ಳಮ್ಮ. ಎರಡು ದಿನ ಬಿಟ್ಟು ಬಾಗಿಲಿಂದ ಹೊರಗೆ ಬಂದು, ಮಾರು ದೂರ ನಿಂತು ಬಾಟಲಿ ನೋಡಿ, ‘ಸುರಕ್ಷಿತ’ ಅಂತ ರಿಜಿಸ್ಟರಿನಲ್ಲಿ ಬರೆಯುವುದು ದೀಪಿಕ. ಬರೆದುದರ ಪಕ್ಕದಲ್ಲಿ ಸಹಿ ಮಾಡುವುದು ಬೆಳ್ಳಮ್ಮ. ಆಮೇಲೆ ಆ ಬಾಟಲಿ ತೆಗೆದು ಬಿಸಾಡುವುದೂ ಬೆಳ್ಳಮ್ಮನೇ. ಆ ಮನೆಯವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ತರಬೇತಿ ಮದ್ದೂರಿನಲ್ಲಿ ಒಂದು ದಿನ ನಡೆದಿತ್ತು. ಇಪ್ಪತ್ತು ಹಳ್ಳಿಯ ಹೆಂಗಸರು. ಬೆಳ್ಳಮ್ಮ ಹಬ್ಬಕ್ಕೆ ತಂದಿದ್ದ ಒಳ್ಳೆ ಸೀರೆ ಉಟ್ಟುಕೊಂಡು ಹೋಗಿದ್ದಳು. ಊಟವಾದ ಮೇಲೆ ಬಾಟಲಿಯ ಪಾಠ ಶುರುವಾಗಬೇಕು, ಅಷ್ಟರಲ್ಲಿ ಕಾಫಿ ಬಂತು. ಲೋಟ ಸಾಲಲಿಲ್ಲ. ಏರ್ಪಾಟು ನೋಡಿಕೊಳ್ಳುತ್ತಿದ್ದವನು ಕೋಣೆಯನ್ನೆಲ್ಲ ಒಂದು ಸಲ ಕಣ್ಣಾಡಿಸಿ, ಬೆಳ್ಳಮ್ಮನನ್ನೂ ಇನ್ನೊಂದು ಕಾಲೋನಿಯಿಂದ ಬಂದಿದ್ದವಳನ್ನೂ ಕರೆದು ಲೋಟ ತೊಳೆದುಕೊಡಿ ಅಂದ. ಅಷ್ಟು ಜನರ ನಡುವೆ ಅವರಿಬ್ಬರನ್ನೇ ಹೇಗೆ ಕಂಡುಹಿಡಿದನೋ ಅವನಿಗೇ ಗೊತ್ತು. ಹಿತ್ತಿಲ ತೊಟ್ಟಿಯಲ್ಲಿ ಅರವತ್ತು ಲೋಟ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದಾಗ ಬಾಟಲಿಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಏನು ಹೇಳಿದರು ಅಂತ ದೀಪಿಕಳನ್ನು ಕೇಳಿದಳು. ನೀನು ನೀರು ಹಿಡಿದು ತಂದುಕೊಡು ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅಂದಿದ್ದಳು ದೀಪಿಕ.

ಊರಿಗೆ ಕುಡಿಯುವ ನೀರು ಮೇಲಿನ ಟ್ಯಾಂಕಿನಿಂದ. ಅದಕ್ಕೆ ಐನೂರು ಅಡಿಯ ಬೋರು. ಕಾಲೋನಿಗೆ ಕೆರೆ ಏರಿಯ ಕೆಳಗಿನ, ಕೆರೆ ಜಿನುಗಿ ತುಂಬುವ ಹಳೇ ಬಾವಿ. ಅದಕ್ಕೊಂದು ಮೋಟಾರು, ಒಂದು ಕಪ್ಪು ಪ್ಲಾಸ್ಟಿಕ್ ಟ್ಯಾಂಕು. ಎರಡು ಟ್ಯಾಂಕನ್ನೂ ಬಿಡುವವನು ಲಿಂಗಯ್ಯ. ಅವನ ಅಪ್ಪ, ಅಪ್ಪನ ಅಪ್ಪ ಕೆರೆಯ ತೂಬು ಎತ್ತುತ್ತಿದ್ದವರು. ಈಗ ತೂಬಿನ ಬದಲು ವಾಲ್ವು. ಮೇಲಿನ ಟ್ಯಾಂಕಿನ ಪೈಪನ್ನೇ ಕಾಲೋನಿಗೂ ಎಳೆಯಿರಿ ಅಂತ ನಾಲ್ಕು ವರ್ಷದಿಂದ ಅರ್ಜಿ ಕೊಟ್ಟಿದ್ದರು. ಪ್ರೆಶರ್ ಸಾಲುವುದಿಲ್ಲ ಅಂತ ಉತ್ತರ ಬರುತ್ತಿತ್ತು. ಟ್ಯಾಂಕಿಗೂ ಕಾಲೋನಿಗೂ ನಡುವೆ ಇದ್ದದ್ದು ಬರೀ ಒಂದು ಬೀದಿ, ಅದೂ ಇಳಿಜಾರು.

ಕೆರೆಯೆಂದರೆ ಕಾಲೋನಿಯವರ ಅಡುಗೆಮನೆಯ ಅರ್ಧ. ಏರಿಯ ಬಿಲಕ್ಕೆ ಮೊಣಕೈವರೆಗೆ ಕೈ ಹಾಕಿ ಏಡಿ ಎಳೆಯುವುದರಲ್ಲಿ ಪಕ್ಕದ ಮನೆಯ ಚಿಕ್ಕಬೋರಮ್ಮನನ್ನು ಮೀರಿಸುವವರಿಲ್ಲ. ಎಪ್ಪತ್ತು ದಾಟಿದ ಮುದುಕಿ. ಬೆರಳೆಲ್ಲ ಏಡಿ ಕಚ್ಚಿದ ಗಾಯ. ಬೆಳ್ಳಮ್ಮ ಸೊಂಟಮಟ್ಟ ನೀರಿಗಿಳಿದು, ಪಾದದಲ್ಲೇ ಕೆಸರು ತಡವಿ ಕಪ್ಪೆಚಿಪ್ಪು ಎತ್ತುತ್ತಿದ್ದಳು. ಏಡಿ ಸಾರಿಗೆ ಮುದ್ದೆ. ಊರಿನವರೂ ತಿನ್ನದವರೇನಲ್ಲ. ಪ್ರತಿ ಭಾನುವಾರ ಒಂದು ಕುಕ್ಕೆ ಏಡಿ ನಾಗರಾಜುವಿನ ಮನೆಗೆ ಹೋಗುತ್ತಿತ್ತು. ಅದಕ್ಕೆ ಗೋಡೆ ಅಡ್ಡ ಬರುತ್ತಿರಲಿಲ್ಲ. ಹಿತ್ತಿಲ ಬಾಗಿಲಲ್ಲಿ ಮಲ್ಲಿಗಮ್ಮ ಪಾತ್ರೆ ಒಡ್ಡಿ ಸುರಿಸಿಕೊಳ್ಳುತ್ತಿದ್ದಳು.

ದಸರೆ ಕಳೆದ ಮೇಲೆ ಕೆರೆಗೆ ಗಾಡಿ ಬರಲು ಶುರುವಾಯಿತು. ಮೈಸೂರು ರಸ್ತೆಯ ಹೋಟೆಲುಗಳ ಕಕ್ಕಸು ಗುಂಡಿ ಎಳೆಯುವ ಟ್ಯಾಂಕರು. ಗಾಡಿ ನಾಗರಾಜುವಿನದು. ಬೆಳಗಿನ ಜಾವ ಬಂದು, ಕೆರೆಗೆ ನೀರು ಬರುವ ಹಳ್ಳಕ್ಕೆ ಪೈಪು ಬಿಟ್ಟು, ಖಾಲಿಯಾಗಿ ಹೋಗುತ್ತಿತ್ತು. ಲಿಂಗಯ್ಯ ಮೋಟಾರು ಹಾಕಲು ಹೋದಾಗ ಎರಡು ಸಲ ಕಂಡ. ಎರಡನೇ ಸಲ ಬಾಯಿಬಿಟ್ಟು ಕೇಳಿದ. ಹೊಲಕ್ಕೆ ಗೊಬ್ಬರ ಕಣಯ್ಯ, ನಿನ್ನ ಕೆಲಸ ನೀನು ನೋಡು ಅಂದ ಡ್ರೈವರು. ನಾಗರಾಜುವಿನ ಹೊಲ ಇದ್ದದ್ದು ಊರಿನ ಆಚೆ ಬದಿಗೆ.

ಆ ದೀಪಾವಳಿಗೆ ಬೆಳ್ಳಮ್ಮನ ಮಗಳು ಶೋಭಿತಾ ಬಾಣಂತನಕ್ಕೆ ಬಂದಳು. ಮಳವಳ್ಳಿಗೆ ಕೊಟ್ಟಿದ್ದ ಮಗಳು. ಚೊಚ್ಚಲು, ಐದು ತುಂಬಿತ್ತು. ಅಳಿಯ ಪುಟ್ಟರಾಜು ಬಸ್ಸಿನಲ್ಲಿ ಕರೆತಂದು ಬಿಟ್ಟು, ಹುಷಾರತ್ತೆ ಅಂತ ಹತ್ತು ಸಲ ಹೇಳಿ ಹೋದ. ಬಸುರಿಗೆ ಏಡಿಯ ವಾಸನೆ ಆಗುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಏಡಿ ಬೇಯಿಸಿದರೆ ಇವಳು ಇಲ್ಲಿ ಬಚ್ಚಲಿಗೆ ಓಡುತ್ತಿದ್ದಳು. ಅವಳು ಬಂದ ಮೇಲೆ ಬೆಳ್ಳಮ್ಮನ ಒಲೆಯ ಮೇಲೆ ಏಡಿ ಏರಲಿಲ್ಲ, ಚಿಪ್ಪೂ ಏರಲಿಲ್ಲ.

ಬಂದ ಮೊದಲ ದಿನವೇ ಶೋಭಿತಾ ಕೇಳಿದ್ದಳು.

“ಅವ್ವ, ಅಲ್ಲಿ ನರ್ಸಮ್ಮ ನೀರ ಕಾಯಿಸ್ಕಂಡೇ ಕುಡೀಬೇಕು ಅಂದವ್ಳೆ.”

“ಅದು ಮಳವಳ್ಳಿ ನೀರ್ಗೆ ಕಣವ್ವ. ಇದು ನಿಮ್ಮವ್ವ ಪರೀಕ್ಸೆ ಮಾಡಿರೋ ನೀರು. ಪುಸ್ತಕದಲ್ಲಿ ಸಯಿ ಆಕಿವ್ನಿ. ಸುಮ್ಕೆ ಕುಡಿ.”

ಹೇಳುವಾಗ ಬೆಳ್ಳಮ್ಮನಿಗೆ ಒಂದಿಷ್ಟು ಜಂಬವೂ ಇತ್ತು. ಅದನ್ನು ಅವಳು ಆಮೇಲೆ ಯಾವತ್ತೂ ಮರೆಯಲಿಲ್ಲ.

ಡಿಸೆಂಬರಿನಲ್ಲಿ ಕಾಲೋನಿಗೆ ಕಾಮಾಲೆ ಬಂತು. ಮೊದಲು ಇಬ್ಬರಿಗೆ, ಆಮೇಲೆ ಎಂಟು ಮಂದಿಗೆ, ತಿಂಗಳು ಮುಗಿಯುವಷ್ಟರಲ್ಲಿ ಮನೆಗೊಬ್ಬರಿಗೆ. ಕಣ್ಣು ಹಳದಿ, ಉಚ್ಚೆ ಹಳದಿ, ಅನ್ನ ಕಂಡರೆ ವಾಂತಿ. ಊರಿನಲ್ಲಿ ಒಬ್ಬರಿಗೂ ಇಲ್ಲ. ಊರಿನವರಿಗೆ ಕಾರಣ ಹುಡುಕಲು ಹೊತ್ತು ಬೇಕಾಗಲಿಲ್ಲ. ಆಟೋಗೆ ಮೈಕು ಕಟ್ಟಿಸಿ ಪಂಚಾಯಿತಿಯಿಂದ ಸಾರಿಸಿದರು. ಕಾಲೋನಿ ನಿವಾಸಿಗಳು ಕೆರೆಯ ಏಡಿ, ಕಪ್ಪೆಚಿಪ್ಪು ತಿನ್ನುವುದರಿಂದ ಕಾಯಿಲೆ ಹರಡುತ್ತಿದೆ, ಇನ್ನು ಮುಂದೆ ಹಿಡಿದರೆ ದಂಡ, ಕಾಲೋನಿಯವರು ಶುಚಿತ್ವ ಕಲಿಯಬೇಕು. ಆಟೋ ಕಾಲೋನಿಯೊಳಗೆ ಮೂರು ಸುತ್ತು ಹಾಕಿತು. ಊರಿನ ಬೀದಿಗೆ ಹೋಗಲೇ ಇಲ್ಲ.

ಮಾರನೆಯ ದಿನ ಪಂಚಾಯಿತಿಯ ಇಬ್ಬರು ಗಂಡಸರು ಮನೆಮನೆಗೆ ನುಗ್ಗಿದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ಒಲೆಯ ಮೇಲಿನ ಪಾತ್ರೆಗಳ ಮುಚ್ಚಳವನ್ನು ಕೋಲಿನಿಂದ ಎತ್ತಿ ನೋಡಿದರು. ಚಿಕ್ಕಬೋರಮ್ಮನ ಮನೆಯಲ್ಲಿ ಏಡಿ ಸಾರು ಸಿಕ್ಕಿತು. ಒಬ್ಬ ಮೊಬೈಲಿನಲ್ಲಿ ಅದರ ಫೋಟೋ ತೆಗೆದ.

“ಪೋಟ ತಕ್ಕಂಡ್ರೆ ಸಾಲ್ದು ಕಣ್ಲಾ ಮಗ,” ಅಂದಳು ಚಿಕ್ಕಬೋರಮ್ಮ. “ಉಪ್ಪು ಸರಿಗದಾ ಒಂಚೂರು ನೆಕ್ಕಿ ನೋಡು.”

ಅವರು ಅವಳ ಕೈಯಿಂದಲೇ ಪಾತ್ರೆ ಎತ್ತಿಸಿ ಸಾರನ್ನು ಚರಂಡಿಗೆ ಸುರಿಸಿದರು. ಅವತ್ತು ಆ ಮುದುಕಿ ಉಪ್ಪು ನೆಂಚಿಕೊಂಡು ಮುದ್ದೆ ನುಂಗಿದಳು.

ಬೆಳ್ಳಮ್ಮನೂ ನಂಬಿದ್ದಳು, ಅದೇ ಅವಳ ಕರ್ಮ. ಬಾಟಲಿ ಹಳದಿಯಾಗಿತ್ತಲ್ಲ. ಅವಳೇ ಹಿಡಿದ ನೀರು, ಅವಳೇ ಹಾಕಿದ ಸಹಿ. ನೀರು ಸರಿ ಇದ್ದ ಮೇಲೆ ತಪ್ಪು ಏಡಿಯದೇ ಇರಬೇಕು, ನಮ್ಮದೇ ಇರಬೇಕು. ಕಾಲೋನಿಯ ಹೆಂಗಸರಿಗೆ ಅವಳೇ ಹೋಗಿ ಏಡಿ ಬಿಡ್ರವ್ವ ಅಂತ ಹೇಳಿ ಬಂದಳು.

ಹೊಸ ವರ್ಷದ ಎರಡನೇ ದಿನ ಶೋಭಿತಾಳ ಕಣ್ಣು ಹಳದಿಯಾಯಿತು.

ಬೆಳ್ಳಮ್ಮ ಮಗಳನ್ನು ಬಾಗಿಲ ಬೆಳಕಿಗೆ ಕರೆದು ಕೆಳಗಿನ ರೆಪ್ಪೆ ಎಳೆದು ನೋಡಿದಳು. ನಾನು ಏಡಿ ಮುಟ್ಟೇ ಇಲ್ಲವಲ್ಲವ್ವ ಅಂದಳು ಶೋಭಿತಾ. ಮೆಲ್ಲಗೆ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. ನೀರು ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ ಅವಳಿಗೆ. ಬಾಯಾರಿಕೆ ಅಂತ ದಿನಕ್ಕೆ ಐದಾರು ಚೊಂಬು ನೀರು ಕುಡಿಯುತ್ತಿದ್ದಳು.

ಐದನೇ ತಾರೀಕು ಬೆಳಿಗ್ಗೆ ಬೆಳ್ಳಮ್ಮ ಕೈ ತೊಳೆದು ನಲ್ಲಿಯಿಂದ ಬಾಟಲಿಗೆ ನೀರು ಹಿಡಿದು ಮುಚ್ಚಳ ತಿರುವುತ್ತಿದ್ದಳು. ಮನೆಯೊಳಗಿಂದ ಚಿಕ್ಕಬೋರಮ್ಮ ಕೂಗಿಕೊಂಡಳು. ಶೋಭಿತಾ ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಏನೇನೋ ಮಾತಾಡುತ್ತಿದ್ದಳು. ಬೆಳ್ಳಮ್ಮ ಕೈಯಲ್ಲಿದ್ದ ಬಾಟಲಿಯನ್ನು ಸೀರೆಯ ನೆರಿಗೆಗೆ ಸಿಕ್ಕಿಸಿ, ಸೆರಗಿನಿಂದ ಬಿಗಿದು, ಮಗಳನ್ನು ತೋಳಿನಲ್ಲಿ ಎತ್ತಿಕೊಂಡಳು. ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಹೋಗುವ ದಾರಿಯುದ್ದಕ್ಕೂ ಮಗಳ ತಲೆ ಅವಳ ತೊಡೆಯ ಮೇಲಿತ್ತು. ಬಾಟಲಿ ಸೊಂಟದಲ್ಲಿತ್ತು. ಅದರ ನೆನಪೇ ಅವಳಿಗಿರಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ. ಡಾಕ್ಟರು ಶಕ್ತಿ ಮೀರಿ ಒದ್ದಾಡಿದರು. ಇದು ನೀರಿನಿಂದ ಬರುವ ಕಾಮಾಲೆ, ಬೇರೆಯವರಿಗೆ ವಾಸಿಯಾಗುತ್ತದೆ, ಬಸುರಿಯರಿಗೆ ಹಿಡಿದರೆ ಯಮ ಅಂತ ಪುಟ್ಟರಾಜುವನ್ನು ಪಕ್ಕಕ್ಕೆ ಕರೆದು ಹೇಳಿದರು. ಬೆಳ್ಳಮ್ಮ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಉಟ್ಟ ಸೀರೆ ಬಿಚ್ಚಿರಲಿಲ್ಲ. ಸೊಂಟಕ್ಕೆ ಏನೋ ಒತ್ತುತ್ತಿದೆ ಅಂತ ಅನ್ನಿಸಿದ್ದು ಮೂರನೇ ದಿನ ಬೆಳಿಗ್ಗೆ. ನೆರಿಗೆಗೆ ಕೈ ಹಾಕಿ ತೆಗೆದಳು.

ಬಾಟಲಿ ಕಪ್ಪಾಗಿತ್ತು. ಅಷ್ಟಿಷ್ಟು ಕಪ್ಪಲ್ಲ. ಇದ್ದಿಲು ಅರೆದು ತುಂಬಿದ ಹಾಗೆ.

ರಕ್ತ ತೆಗೆಯಲು ಬಂದಿದ್ದ ಲ್ಯಾಬಿನ ಮಹದೇವು ಅದನ್ನು ಕಂಡ. ಮಳವಳ್ಳಿ ಕಡೆ ಬಂಡೂರಿನವನು. ಎರಡು ದಿನದಿಂದ ಇವರ ಹತ್ತಿರ ನಾಲ್ಕು ಮಾತಾಡಿ ಹೋಗುತ್ತಿದ್ದವನು ಅವನೊಬ್ಬನೇ.

“ಇದೆಲ್ಲಿ ನೀರವ್ವ?”

“ನಮ್ ಕಾಲೋನಿದು. ಯಾವಾಗ್ಲೂ ಅಳ್ದಿನೇ ಇರದು ಕಣಪ್ಪ. ಆರು ತಿಂಗ್ಳಿಂದ ಅಳ್ದಿನೇ.”

“ನೀರು ಹಿಡಿದ ಮ್ಯಾಲೆ ಬಾಟ್ಲು ಎಲ್ಲಿ ಇಡ್ತೀರಿ?”

“ಗ್ವಾಡೆ ಮ್ಯಾಲೆ.”

“ಗ್ವಾಡೆ ಮ್ಯಾಲೆ ಅಂದ್ರೆ? ಮನೆ ಒಳಗಾ?”

“ಕಾಂಪೌಂಡ್ ಗ್ವಾಡೆ. ಆಚೆ.”

ಮಹದೇವು ರಕ್ತದ ಸೀಸೆಗಳ ತಟ್ಟೆಯನ್ನು ಕೆಳಗಿಟ್ಟ. ಅವನಿಗೂ ಅಂಥ ಗೋಡೆಗಳು ಗೊತ್ತಿದ್ದವು. ಆಮೇಲೆ ಮಂಚದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬಿಡಿಸಿ ಹೇಳಿದ. ಹೇಲಿನ ಹುಳ ಕಣ್ಣಿಗೆ ಕಾಣುವುದಿಲ್ಲ. ಬಾಟಲಿಯೊಳಗೆ ಅವು ಬೆಳೆದರೆ ಮಾತ್ರ ನೀರು ಕಪ್ಪಾಗುವುದು. ಬೆಳೆಯಬೇಕಾದರೆ ಮನುಷ್ಯರ ಮೈಯಷ್ಟು ಬಿಸಿ ಬೇಕು, ರಾತ್ರಿ ಹಗಲು. ಬಿಸಿ ಮಾಡುವ ಪೆಟ್ಟಿಗೆ ಇಲ್ಲದ ಕಡೆ ಸೊಂಟಕ್ಕೆ ಕಟ್ಟಿಕೊಂಡು ಮಲಗಿ ಅಂತಲೇ ತರಬೇತಿಯಲ್ಲಿ ಹೇಳುತ್ತಾರೆ.

“ಆಚೆ ಇಟ್ರೆ ಬಿಸ್ಲಿಗೆ ಸಾಯ್ತವೆ, ಚಳಿಗೆ ಮನಿಕತವೆ,” ಅಂದ. “ಗುಂಡಿ ನೀರ್ನೇ ತುಂಬ್ಸಿ ಗ್ವಾಡೆ ಮ್ಯಾಲೆ ಇಟ್ರೂ ಹಳ್ದಿಯಾಗೇ ಇರ್ತದೆ ಕಣವ್ವ.”

ಏಡಿ, ಚಿಪ್ಪಿನ ಮಾತನ್ನೂ ಅವಳು ಕೇಳಿದಳು. ಚಿಪ್ಪು ಕೆಸರಲ್ಲಿ ಕೂತು ದಿನವೆಲ್ಲ ನೀರು ಸೋಸುತ್ತದೆ, ನೀರಿನಲ್ಲಿ ಇರುವುದೆಲ್ಲ ಅದರ ಹೊಟ್ಟೆಯಲ್ಲಿ ಕೂರುತ್ತದೆ ಅಂದ ಮಹದೇವು. ಸರಿಯಾಗಿ ಬೇಯಿಸದಿದ್ದರೆ ಅದೂ ಕೆಡುಕೇ. ಆದರೆ ಅದು ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ನೀರಿಗೆ ಯಾರು ಏನು ಹಾಕಿದರೋ ಅದನ್ನೇ ತಿಂದಿರುತ್ತದೆ.

ಬೆಳ್ಳಮ್ಮ ಅರವತ್ತು ಲೋಟಗಳನ್ನು ನೆನೆದಳು. ಅವಳು ಹಿತ್ತಿಲಲ್ಲಿ ಲೋಟ ತೊಳೆಯುತ್ತಿದ್ದಾಗ ಒಳಗೆ ಈ ಮಾತನ್ನೇ ಹೇಳುತ್ತಿದ್ದರು.

ಎಂಟನೇ ತಾರೀಕು ಶೋಭಿತಾ ಸತ್ತಳು. ಹೊಟ್ಟೆಯಲ್ಲಿದ್ದದ್ದು ಹೆಣ್ಣು ಮಗು. ಅದು ಹಿಂದಿನ ದಿನವೇ ಹೋಗಿತ್ತು. ಇಬ್ಬರನ್ನೂ ಕಾಲೋನಿಯ ಹಿಂದೆ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು. ಪುಟ್ಟರಾಜು ಯಾರ ಮೇಲೂ ಕೂಗಾಡಲಿಲ್ಲ. ನೀರು ಕಾಯಿಸಿ ಕೊಡಲಿಲ್ಲವಾ ಅತ್ತೆ ಅಂತ ಒಂದೇ ಒಂದು ಸಲ ಕೇಳಿ ಬಸ್ಸು ಹತ್ತಿದ. ಬೆಳ್ಳಮ್ಮ ಅವತ್ತಿನಿಂದ ಅಳುವುದನ್ನು ನಿಲ್ಲಿಸಿದಳು.

ನಾಲ್ಕನೇ ದಿನ ಪಂಚಾಯಿತಿಯಿಂದ ಕರೆ ಬಂತು. ಸಾವಾಗಿದ್ದರಿಂದ ಮೇಲಿನವರಿಗೆ ವರದಿ ಹೋಗಬೇಕಿತ್ತು. ಆಫೀಸಿನಲ್ಲಿ ಪಿಡಿಒ ಶಶಿಧರ್ ಮೇಜಿನ ಹಿಂದೆ, ಅವನ ಪಕ್ಕದಲ್ಲಿ ನಾಗರಾಜು. ಗೋಡೆಗೆ ಆತುಕೊಂಡು ದೀಪಿಕ, ಎದೆಗೆ ರಿಜಿಸ್ಟರು ಅವಚಿಕೊಂಡಿದ್ದಳು. ಬೆಳ್ಳಮ್ಮ, ಲಿಂಗಯ್ಯ, ಚಿಕ್ಕಬೋರಮ್ಮ ಬಾಗಿಲ ಹತ್ತಿರ ನಿಂತರು. ಕಾಲೋನಿಯ ಹೆಂಗಸರು ಕಿಟಕಿಯ ಆಚೆ.

ಶಶಿಧರ್ ಕೆಟ್ಟ ಮನುಷ್ಯನಂತೆ ಮಾತಾಡಲಿಲ್ಲ. ಮಗಳ ವಿಷಯ ಕೇಳಿ ಬೇಜಾರಾಯಿತಮ್ಮ ಅಂದ. ಆಮೇಲೆ ಕಾಗದ ಓದಿದ. ಮೃತಳು ಹಾಗೂ ಕಾಲೋನಿ ನಿವಾಸಿಗಳು ಕೆರೆಯ ಏಡಿ ಮತ್ತು ಕಪ್ಪೆಚಿಪ್ಪು ಸೇವಿಸಿದ್ದರಿಂದ ಕಾಯಿಲೆ ಉಂಟಾಗಿದೆ. ಕುಡಿಯುವ ನೀರನ್ನು ಆರು ತಿಂಗಳಿಂದ ತಪ್ಪದೆ ಪರೀಕ್ಷಿಸಲಾಗಿದ್ದು, ಸುರಕ್ಷಿತವೆಂದು ಕಂಡುಬಂದಿದೆ. ಕೆಳಗೆ ಬೆಳ್ಳಮ್ಮನ ಸಹಿಗೆ ಜಾಗ ಬಿಟ್ಟಿದ್ದರು. ನೀರು ಪರೀಕ್ಷೆ ಮಾಡಿದವಳೂ ಅವಳೇ, ಸತ್ತವಳ ತಾಯಿಯೂ ಅವಳೇ. ಆ ಸಹಿ ಇದ್ದರೆ ಬೇರೇನೂ ಬೇಕಾಗಿರಲಿಲ್ಲ.

ಬೆಳ್ಳಮ್ಮ ಆಸ್ಪತ್ರೆಯ ಬಾಟಲಿಯನ್ನು ಸೊಂಟದಿಂದ ತೆಗೆದು ಮೇಜಿನ ಮೇಲೆ ಇಟ್ಟಳು. ನಾಗರಾಜು ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಶಶಿಧರ್ ಪೆನ್ನಿನ ತುದಿಯಿಂದ ಬಾಟಲಿಯನ್ನು ದೂರ ತಳ್ಳಿದ.

“ಇದನ್ನ ಲೆಕ್ಕಕ್ಕೆ ತಗೊಳ್ಳೋಕಾಗಲ್ಲಮ್ಮ. ಆಸ್ಪತ್ರೇಲಿ ಇದ್ದದ್ದು, ನಿಮ್ಮ ಸೊಂಟದಲ್ಲಿ ಇದ್ದದ್ದು. ಮೈಯ ಕೊಳೆ ಸೇರಿರುತ್ತೆ.”

ಅಂದು, ಒಂದು ಹಳೇ ಕಾಗದದಲ್ಲಿ ಹಿಡಿದೆತ್ತಿ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದ.

ಬೆಳ್ಳಮ್ಮ ದೀಪಿಕಳ ಕಡೆ ತಿರುಗಿದಳು. ಊರ ನೀರಿನ ಬಾಟಲಿ ಎಲ್ಲಿಡುತ್ತೀಯ ಅಂತ ಕೇಳಿದಳು. ಒಳಗೆ, ಫ್ರಿಜ್ಜಿನ ಹಿಂದೆ, ಅಲ್ಲಿ ಬೆಚ್ಚಗಿರುತ್ತೆ ಅಂದಳು ದೀಪಿಕ. ನಮ್ಮದು ಯಾಕೆ ಆಚೆ ಅಂತ ಬೆಳ್ಳಮ್ಮ ಕೇಳಲೇ ಇಲ್ಲ. ದೀಪಿಕಳೇ ನೆಲ ನೋಡಿಕೊಂಡು ಹೇಳಿದಳು.

“ಅಜ್ಜಿ ಒಳಕ್ಕೆ ತರಬೇಡ ಅಂದ್ರು.”

ಕಿಟಕಿಯ ಆಚೆಯ ಹೆಂಗಸರು ಸರಳಿಗೆ ಮುಖ ಒತ್ತಿದರು.

ನಾಗರಾಜು ಮೇಜು ಗುದ್ದಿದ. ಹುಡುಗಿ ಏನೋ ಹೇಳುತ್ತೆ, ಬಾಟಲಿ ಎಲ್ಲಿಟ್ಟರೇನು, ನೀವು ಕೆರೆಯ ಹುಳಹುಪ್ಪಟೆ ತಿನ್ನುವುದು ಸುಳ್ಳಾ ಅಂದ. ಆಮೇಲೆ ದನಿ ತಗ್ಗಿಸಿ ಲಿಂಗಯ್ಯನನ್ನು ಹಿಡಿದುಕೊಂಡ.

“ನಿನ್ ಹೆಂಡ್ರಿಗೆ ಯೋಳ್ಲಾ ಲಿಂಗ. ನಿನ್ ಕೆಲ್ಸ ಕಾಯಂ ಆಗೋ ಟೈಮು. ಬಾಯಿಗೆ ಬಂದುದ್ದ ತಳ್ಳಬ್ಯಾಡಿ.”

ಲಿಂಗಯ್ಯ ಬಾಯಿ ಸತ್ತವನು. ಇಪ್ಪತ್ತೆರಡು ವರ್ಷ ಇವರ ಎದುರು ನಿಂತೇ ಕಳೆದವನು. ಅವನು ಹೆಗಲ ಮೇಲಿದ್ದ ವಾಲ್ವು ತಿರುಗಿಸುವ ಕಬ್ಬಿಣದ ಕೀಲಿಯನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿದ. ಕಾಗದಗಳ ಮೇಲೆ, ಶಶಿಧರನ ಮುಂದೆ.

ಬೆಳ್ಳಮ್ಮ ನಾಗರಾಜುವಿಗೆ ಹೇಳಿದಳು.

“ವಾರವಾರ ಭಾನ್ವಾರ ನಿಮ್ಮನೆಗೆ ಒಂದು ಕುಕ್ಕೆ ಏಡಿ ಕೊಟ್ಟಿವ್ನಿ. ಅದೇ ಕೆರೆದು. ನಿಮ್ಮವ್ವ ಈಸ್ಕಂಡವ್ಳೆ, ನೀವು ಉಂಡಿದ್ದೀರಿ. ನಿಮ್ಮನೇಲಿ ಯಾರ್ಗೆ ಕಣ್ಣು ಅಳ್ದಿ ಆಯ್ತು?”

ನಾಗರಾಜು ಶಶಿಧರನ ಕಡೆ ನೋಡಿದ.

“ನನ್ ಮಗ್ಳು ಏಡಿ ಮುಟ್ನಿಲ್ಲ. ನೀರು ಕುಡುದ್ಲು. ನಾನು ಕುಡಿ ಅಂದೆ, ಕುಡುದ್ಲು. ನಿಮ್ ಗಾಡಿ ಆ ಹಳ್ಳಕ್ಕೆ ಏನ್ ಹುಯ್ತದೆ ಅಂತ ನನ್ ಗಂಡ ಕಣ್ಣಾರೆ ನೋಡವ್ನೆ. ಅದ್ನ ಬರ್ಕಳಿ ಮೊದ್ಲು.”

ಶಶಿಧರ್ ಬರೆದುಕೊಳ್ಳಲಿಲ್ಲ. ಬ್ಯಾಡ ಬುಡಿ ಅಂದು ಬೆಳ್ಳಮ್ಮ ದೀಪಿಕಳ ಎದೆಯಿಂದ ರಿಜಿಸ್ಟರನ್ನು ತೆಗೆದುಕೊಂಡಳು. ದೀಪಿಕ ಬಿಟ್ಟುಕೊಟ್ಟಳು. ಮೇಜಿನ ಮೇಲಿದ್ದ ಪೆನ್ನೂ ತೆಗೆದುಕೊಂಡಳು. ಆ ಪೆನ್ನು ಶಶಿಧರನದು. ನಿಂತೇ ಹಾಳೆ ತಿರುವಿದಳು. ಆಗಸ್ಟು, ಸೆಪ್ಟೆಂಬರು, ಅಕ್ಟೋಬರು, ಕಡೆಯದು ಜನವರಿ. ಐದನೇ ತಾರೀಕಿನ ಬಾಟಲಿ ಗೋಡೆ ಹತ್ತದಿದ್ದರೂ ಜನವರಿಯ ಸಾಲಿನಲ್ಲೂ ‘ಸುರಕ್ಷಿತ’ ಅಂತ ಬರೆದು, ಅವಳ ಸಹಿಗೆ ಜಾಗ ಬಿಟ್ಟಿದ್ದರು. ತಾನು ಹಾಕಿದ್ದ ಐದು ಸಹಿಯನ್ನೂ ಒಂದೊಂದಾಗಿ ಹೊಡೆದುಹಾಕಿದಳು. ಕಾಗದ ಹರಿಯುವ ಹಾಗೆ ಒತ್ತಿ ಹೊಡೆದಳು. ಖಾಲಿ ಬಿಟ್ಟಿದ್ದ ಆರನೆಯ ಜಾಗದಲ್ಲಿ ‘ಕಪ್ಪು’ ಅಂತ ಬರೆದು ಅದಕ್ಕೆ ಮಾತ್ರ ಸಹಿ ಹಾಕಿದಳು.

ಸರ್ಕಾರಿ ದಾಖಲೆ ತಿದ್ದುವುದು ಅಪರಾಧ ಗೊತ್ತಾ ಅಂದ ಶಶಿಧರ್.

“ಸಯಿ ನಂದು ಸಾ. ನಾನು ವಾಪಸ್ ತಕ್ಕಂಡೆ.”

ಆಮೇಲೆ ಎರಡು ಹೊಸ ಬಾಟಲಿ ಕೇಳಿದಳು. ನಾಗರಾಜು ಕೊಡಬೇಡ ಅಂದ. ದೀಪಿಕ ಅಪ್ಪನ ಮುಖ ನೋಡದೆ ಬೀರುವಿನಿಂದ ಎರಡು ಬಾಟಲಿ ತೆಗೆದು ಬೆಳ್ಳಮ್ಮನ ಕೈಗೇ ಕೊಟ್ಟಳು. ಮೇಜಿನ ಮೇಲೆ ಇಡಲಿಲ್ಲ. ಕೈಗೆ ಕೊಟ್ಟಳು. ಅಷ್ಟು ಮಾಡಿ ಹೊರಗೆ ಹೋಗಿಬಿಟ್ಟಳು.

ಒಂದು ಬಾಟಲಿಗೆ ಪಂಚಾಯಿತಿಯ ಮುಂದಿದ್ದ ಊರ ನಲ್ಲಿಯ ನೀರು. ಇನ್ನೊಂದಕ್ಕೆ ಕಾಲೋನಿಯ ನಲ್ಲಿಯ ನೀರು. ಎಲ್ಲರ ಕಣ್ಣ ಮುಂದೆ ಹಿಡಿದು, ಊರಿನದಕ್ಕೆ ಬಿಳೀ ದಾರ, ಕಾಲೋನಿಯದಕ್ಕೆ ಕೆಂಪು ದಾರ ಸುತ್ತಿದಳು. ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಒಂದೇ ಸೊಂಟಕ್ಕೆ ಕಟ್ಟಿದಳು. ಮೈಯ ಕೊಳೆ ಸೇರುವುದಾದರೆ ಎರಡಕ್ಕೂ ಸೇರಲಿ. ಪಂಚಾಯಿತಿಯ ಮೆಟ್ಟಿಲ ಮೇಲೆ ಕೂತಳು.

ಎರಡು ರಾತ್ರಿ, ಎರಡು ಹಗಲು. ಧನುರ್ಮಾಸದ ಚಳಿ. ಕಾಲೋನಿಯ ಹೆಂಗಸರು ಸರದಿಯಲ್ಲಿ ಬಂದು ಪಕ್ಕದಲ್ಲಿ ಒತ್ತಿ ಕೂತರು. ಮೊದಲ ದಿನ ಪೊಲೀಸರು ಬಂದು ಎಬ್ಬಿಸಲು ನೋಡಿದರು. ಏನು ನಿನ್ನ ಬೇಡಿಕೆ ಅಂತ ಕೇಳಿದರು. ಬೇಡಿಕೆ ಏನೂ ಇಲ್ಲ, ಇದು ಬಿಸಿಯಾಗಬೇಕು ಅಷ್ಟೇ ಅಂದಳು. ಅವರಿಗೆ ಯಾವ ಕಲಮಿನಲ್ಲಿ ಹಿಡಿಯುವುದು ಅಂತ ತಿಳಿಯಲಿಲ್ಲ. ಎರಡನೇ ದಿನ ಮೇಲಿನ ಟ್ಯಾಂಕಿನ ವಾಲ್ವು ತಿರುಗಿಸಲು ಯಾರಿಗೂ ಬರದೆ ಊರಿಗೆ ನೀರು ಬರಲಿಲ್ಲ. ಲಿಂಗಯ್ಯನನ್ನು ಕರೆಯಲು ಬಂದರು. ಅವನು ಹೆಂಡತಿಯ ಪಕ್ಕದಲ್ಲಿ ಕೂತೇ ಇದ್ದ.

“ಬೆಳ್ಳಿ, ವಸಿ ಮನಿಕಳೇ,” ಅಂದಳು ಚಿಕ್ಕಬೋರಮ್ಮ. “ನಾನು ಕಟ್ಕತೀನಿ ಅದ.”

“ಬ್ಯಾಡ ಕಣತ್ತೆ. ನಾನೇ ಕಟ್ಕತೀನಿ.”

ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ಇದೇ ಕೈಯನ್ನು ಮಗಳ ಹೊಟ್ಟೆಯ ಮೇಲಿಟ್ಟು ಕೂಸು ಒದೆಯುವುದನ್ನು ನೋಡಿ ಇನ್ನೂ ಹದಿನೈದು ದಿನ ಆಗಿರಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಮಧ್ಯಾಹ್ನ ಎಲ್ಲರ ಮುಂದೆ ಬಟ್ಟೆ ಬಿಚ್ಚಿದಳು. ಬಿಳೀ ದಾರದ್ದು ಹಳದಿ. ಕೆಂಪು ದಾರದ್ದು ಕಪ್ಪು. ಒಂದೇ ಮೈ, ಒಂದೇ ಬಿಸಿ. ಶಶಿಧರ್ ಬಾಗಿಲಿಗೆ ಬಂದು ನೋಡಿ ಒಳಗೆ ಹೋಗಿ ಫೋನು ಹಿಡಿದ. ಯಾರ ಜೊತೆ ಮಾತಾಡಿದನೋ, ಸಾರ್ ಸಾರ್ ಅನ್ನುವುದಷ್ಟೇ ಹೊರಗೆ ಕೇಳುತ್ತಿತ್ತು.

ಬೆಳ್ಳಮ್ಮ ಎದ್ದಳು. ಕಾಲು ಮರಗಟ್ಟಿತ್ತು. ಊರ ಬೀದಿಯಲ್ಲಿ ನಡೆದುಕೊಂಡು ನಾಗರಾಜುವಿನ ಮನೆಯ ಮುಂದೆ ನಿಂತಳು. ಈ ಸಲ ಅಂಗೈ ಒಡ್ಡಲಿಲ್ಲ. ಎರಡೂ ಬಾಟಲಿಯನ್ನು ಕಾಂಪೌಂಡ್ ಗೋಡೆಯ ಮೇಲೆ, ಆರು ತಿಂಗಳಿಂದ ಇಡುತ್ತಿದ್ದ ಜಾಗದಲ್ಲೇ, ಅಕ್ಕಪಕ್ಕ ಇಟ್ಟಳು. ಕಪ್ಪು ಬಾಟಲಿ ಬಿಸಿಲಿಗೆ ಮಿಂಚುತ್ತಿತ್ತು. ಬೀದಿಯ ಆ ತುದಿಯಿಂದ ಈ ತುದಿಗೆ ಕಾಣುತ್ತಿತ್ತು.

ಜಗಲಿಯ ಮೇಲೆ ಎಳ್ಳು ಹಸನು ಮಾಡುತ್ತಿದ್ದ ಮಲ್ಲಿಗಮ್ಮ ಕಂಡಳು.

“ಲೇ ಬೆಳ್ಳಿ, ನಾಳೆ ಅಬ್ಬ, ಅದೇನೇ ಅದು? ತಗಿಯೇ.”

“ಆರು ತಿಂಗ್ಳಿಂದ ಅಲ್ಲೇ ಇತ್ತಲ್ಲವ್ವ. ಇರ್ಲಿ ಬುಡಿ.”

ತಿರುಗಿ ನೋಡದೆ ಬಂದಳು.

ಮಾರನೆಯ ದಿನ ಸಂಕ್ರಾಂತಿ. ಊರ ಹೆಣ್ಣುಮಕ್ಕಳು ತಟ್ಟೆಯಲ್ಲಿ ಎಳ್ಳುಬೆಲ್ಲ ಹಿಡಿದು ಆ ಗೋಡೆಯ ಮುಂದೆಯೇ ಓಡಾಡಿದರು. ನೋಡಿದರು, ನಿಂತರು, ಒಬ್ಬರನ್ನೊಬ್ಬರು ಕೇಳಿದರು. ಕಿಚ್ಚು ಹಾಯಿಸಲು ದನ ಹೊಡೆದುಕೊಂಡು ಹೋದವರೂ ನಿಂತು ನೋಡಿದರು. ಹಳದಿ ಯಾವ ನೀರು, ಕಪ್ಪು ಯಾವ ನೀರು ಅಂತ ಗೊತ್ತಿಲ್ಲದವರಿಗೆ ಗೊತ್ತಿದ್ದವರು ಹೇಳಿದರು. ನಾಗರಾಜುವಿನ ಮನೆಯವರು ಯಾರೂ ಅದಕ್ಕೆ ಕೈ ಹಾಕಲಿಲ್ಲ. ಹಳದಿ ಬಾಟಲಿಯಲ್ಲಿ ಇದ್ದದ್ದು ಅವರೇ ಕುಡಿಯುವ ನೀರು, ಆದರೆ ಅದೂ ಬೆಳ್ಳಮ್ಮನ ಸೊಂಟದಲ್ಲಿ ಎರಡು ದಿನ ಇದ್ದು ಬಂದಿತ್ತು. ಕೋಲಿನಿಂದ ತಳ್ಳೋಣ ಅಂದರೆ ಒಡೆದು ಅಂಗಳಕ್ಕೆ ಚೆಲ್ಲುತ್ತದೆ.

ಸಂಜೆಗೆ ಮುಂಚೆ ನಾಗರಾಜು ಆಳು ಕಳಿಸಿದ. ಬಂದು ತೆಗೆಯಬೇಕಂತೆ ಅಂದ ಆಳು. ಬೆಳ್ಳಮ್ಮ ಒಲೆಯ ಮುಂದೆ ಕೂತು ನೀರು ಕಾಯಿಸುತ್ತಿದ್ದಳು. ತಲೆ ಎತ್ತಲಿಲ್ಲ. ಆಳು ಪಕ್ಕದ ಮನೆಗೆ ಹೋದ. ಚಿಕ್ಕಬೋರಮ್ಮ ನನಗೆ ಕಣ್ಣು ಕಾಣುವುದಿಲ್ಲ ಅಂದಳು. ಆಮೇಲಿನ ಮನೆಯವರು ಬಾಗಿಲು ಹಾಕಿಕೊಂಡರು. ಅವನು ಕಾಲೋನಿಯ ಅರವತ್ತು ಮನೆಯನ್ನೂ ತಟ್ಟಿದ.

ಯಾರೂ ಹೋಗಲಿಲ್ಲ.